ಎಳೆಯ ಬರಹಕ್ಕೆ ಮೆಚ್ಚುನುಡಿ

ಬಸವಣ್ಣನವರು ತಮ್ಮನ್ನು ಹೊಗಳುವವರಿಗೆ ಅಂಜಿದರು. ಹೊಗಳಿಕೆಯನ್ನು ಶೂಲಕ್ಕೆ ಹೋಲಿಸಿದ ಅವರ ವಚನವನ್ನು ಅರಿಯದ ಶರಣರ ಮನೆ ವಿರಳ. ಹೀಗಿರಲು, ಬರೆಯಲು ಕಲಿಯುತ್ತಿರುವ ಮಗುವಿನ ಬರಹವನ್ನು ಗುರುವಾದವನು ಮೆಚ್ಚಿ ನುಡಿಯುವುದು ಉಚಿತವೊ ಅನುಚಿತವೊ ಎಂಬ ಸಂದೇಹವು ಸದ್ಭಕ್ತರಲ್ಲಿ ಹುಟ್ಟುವುದು ಸಹಜವೇ. ಹೊಗಳಿದರೆ ಮಕ್ಕಳು ಕೆಡುತ್ತವೆ ಎನ್ನುವ ಹಿರಿಯರು ಎಲ್ಲ ಮನೆಗಳಲ್ಲಿಯೂ ಉಂಟು. ಅವರ ಅಂಜಿಕೆಯನ್ನು ಹಗುರಾಗಿ ತಳ್ಳಿಹಾಕಲಾಗದು.

ಸಾಗರ ತಾಲ್ಲೂಕಿನ ಬ್ಯಾಕೋಡು ಶರಾವತಿಯ ಹಿನ್ನೀರಿನಾಚೆಯ ಊರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಕಣಿವೆಯೆಲ್ಲ ನೀರಾದ ಮೇಲೆ, ಸಾಗರಕ್ಕೆ ಹೋಗಿಬರಲು ಆ ಸೀಮೆಯ ಜನರು ಲಾಂಚನ್ನು ನೆಚ್ಚಿ ದಶಕಗಳನ್ನು ಕಳೆದರು. ಅಂಬಾರಗೋಡ್ಲು-ಕಳಸವಳ್ಳಿಗಳ ನಡುವಿನ ಸೇತುವೆ ತೆರೆದುದು 2025ರ ಜುಲೈ ತಿಂಗಳಲ್ಲಿ. ಇಂಥ ಊರಿನ ಶಾಲೆಯಲ್ಲಿ ಗುರುಗಳು ಮಳೆಗಾಲವನ್ನು ಕುರಿತು ಪ್ರಬಂಧ ಬರೆಸಿದರೆಂದು ಭಾವಿಸಬಹುದು. ಒಬ್ಬ ಬಾಲಕಿ ಒಂದು ಪುಟ ಬರೆಯುತ್ತಾಳೆ. ಮೊದಲ ಹತ್ತು ಸಾಲುಗಳು ಗೈಡಿನಿಂದ ಬಂದವು: ಮಳೆಯು ಪ್ರಕೃತಿಯ ವರ, ರೈತನು ದೇಶದ ಬೆನ್ನೆಲುಬು, ಇತ್ಯಾದಿ. ಅವುಗಳಲ್ಲಿ ಒಂದು ಒತ್ತಕ್ಷರವೂ ತಪ್ಪಿಲ್ಲ. ಹನ್ನೊಂದನೆಯ ಸಾಲು ಮಾತ್ರ ಅವಳದೇ. ಸೇತುವೆಯಾಗುವ ಮುಂಚೆ, ಗಾಳಿ ಜೋರಾಗಿ ಲಾಂಚು ಬಾರದ ಒಂದು ದಿನ, ಅಜ್ಜಿ ದಡದಲ್ಲಿ ನೆನೆಯುತ್ತ ಕುಳಿತಿದ್ದಳೆಂದೂ, ತಾನು ಕೊಡೆಯನ್ನು ಅಜ್ಜಿಗೆ ಹಿಡಿಯಹೋದರೆ ಆಕೆ ಅದನ್ನು ಬುತ್ತಿಯ ಗಂಟಿನ ಮೇಲೆ ಹಿಡಿಯಹೇಳಿದಳೆಂದೂ ಅದರಲ್ಲಿದೆ. ಆ ಒಂದೇ ಸಾಲಿನಲ್ಲಿ ಕಾಗುಣಿತದ ಮೂರು ತಪ್ಪುಗಳಿವೆ. ಮನೆಯಲ್ಲಾಡುವ ಒಂದು ಮಾತೂ ಹಾಗೆಯೇ ನುಸುಳಿದೆ.

ನಲವತ್ತು ಪುಸ್ತಕಗಳನ್ನು ತಿದ್ದಬೇಕಾದ ಉಪಾಧ್ಯಾಯರು ಕೆಂಪು ಶಾಯಿಯಿಂದ ಆ ಮೂರು ತಪ್ಪುಗಳಿಗೆ ಸುತ್ತುಹಾಕಿ, ಮನೆಮಾತನ್ನು ಹೊಡೆದುಹಾಕಿ, ಪುಸ್ತಕ ಹಿಂದಿರುಗಿಸಿದರೆ ಬಾಲಕಿ ಕಲಿಯುವುದೇನು? ಎರವಲು ತಂದ ಹತ್ತು ಸಾಲುಗಳಿಗೆ ದಂಡವಿಲ್ಲ, ಸ್ವಂತದ ಒಂದು ಸಾಲಿಗೆ ದಂಡವಿದೆ ಎಂಬುದನ್ನೇ. ಮುಂದಿನ ಪ್ರಬಂಧದಲ್ಲಿ ಅಜ್ಜಿ ಇರುವುದಿಲ್ಲ. ಶುದ್ಧವಾದ ಕನ್ನಡದಲ್ಲಿ ಏನನ್ನೂ ಹೇಳದಿರುವ ವಿದ್ಯೆಯು ಹೀಗೆ ವರ್ಷವರ್ಷಕ್ಕೂ ಬೆಳೆಯುತ್ತದೆ. ತಪ್ಪಿಲ್ಲದ ಬರಹವೆಂದು ಅದಕ್ಕೆ ಒಳ್ಳೆಯ ಅಂಕಗಳೂ ಬರುತ್ತವೆ.

ಇನ್ನೊಬ್ಬ ಉಪಾಧ್ಯಾಯರು ಮೃದುಸ್ವಭಾವದವರು. ನಲವತ್ತು ಪುಸ್ತಕಗಳ ಅಡಿಯಲ್ಲಿಯೂ 'ಉತ್ತಮ' ಎಂದೇ ಬರೆಯುತ್ತಾರೆ. ಓದದೆಯೇ ಮೆಚ್ಚಿದ್ದಾರೆಂಬುದನ್ನು ಮಕ್ಕಳು ಎರಡು ವಾರದಲ್ಲಿ ಕಂಡುಹಿಡಿಯುತ್ತಾರೆ. ಇದು ದಾನವಲ್ಲ, ಸವಕಲು ನಾಣ್ಯ.

ಮೂರನೆಯವರು ಹನ್ನೊಂದನೆಯ ಸಾಲಿನ ಕೆಳಗೆ ಗೆರೆ ಎಳೆದು ಅಂಚಿನಲ್ಲಿ ಹೀಗೆ ಬರೆಯುತ್ತಾರೆ: "ಕೊಡೆಯನ್ನು ಬುತ್ತಿಯ ಮೇಲೆ ಹಿಡಿದುದನ್ನು ಓದುವಾಗ ಆ ದಡ ಕಣ್ಣಿಗೆ ಕಂಡಿತು. ಅಜ್ಜಿ ಆಗ ಏನೆಂದಳು, ಅವಳ ಮಾತಿನಲ್ಲೇ ಬರೆ." ಆ ಬಳಿಕ ಮೂರು ತಪ್ಪುಗಳನ್ನೂ ತೋರಿಸುತ್ತಾರೆ. ತಿದ್ದುವುದನ್ನು ಅವರು ಬಿಡಲಿಲ್ಲ. ಬೆಲೆಯುಳ್ಳ ಸಾಲೆಂದು ತಿಳಿದ ಮೇಲೆ ಬಾಲಕಿಯು ಅದರ ಕಾಗುಣಿತವನ್ನು ತಾನಾಗಿಯೇ ತಿದ್ದಿಕೊಳ್ಳುವಳು. ಹರಿದ ಬಟ್ಟೆಯನ್ನು ಹೊಲಿದಿಡುವುದು ಅದು ಉಡಲು ಯೋಗ್ಯವೆಂದು ತಿಳಿದವರಲ್ಲವೆ?

ಬಸವಣ್ಣನವರ ಅಂಜಿಕೆಗೆ ಉತ್ತರ ಇಲ್ಲಿ ದೊರೆಯುತ್ತದೆ. ಅವರು ಅಂಜಿದುದು 'ನಾನು' ಎಂಬುದಕ್ಕೆ ಅಂಟುವ ಹೊಗಳಿಕೆಗೆ. ಮೂರನೆಯ ಗುರುಗಳು ಬಾಲಕಿಯನ್ನು ಜಾಣೆ ಎನ್ನಲಿಲ್ಲ. ಕೊಡೆಯ ಮಾತನ್ನು ಮೆಚ್ಚಿದರು. ಜಾಣೆ ಎನಿಸಿಕೊಂಡವಳಿಗೆ ಆ ಹೆಸರನ್ನು ಕಾಯುವ ಭಾರ ಬೀಳುತ್ತದೆ. ಸಾಲನ್ನು ಮೆಚ್ಚಿಸಿಕೊಂಡವಳಿಗೆ ಇನ್ನೊಂದು ಸಾಲು ಬರೆಯುವ ಆಸೆ ಹುಟ್ಟುತ್ತದೆ. 1998ರಲ್ಲಿ ಅಮೆರಿಕದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪರಿಶೋಧನೆಯೂ ಇದನ್ನೇ ಸೂಚಿಸುತ್ತದೆ. ಐದನೆಯ ತರಗತಿಯ ಮಕ್ಕಳಲ್ಲಿ ಬುದ್ಧಿವಂತರೆಂದು ಹೊಗಳಿಸಿಕೊಂಡವರು, ಕಠಿಣವಾದ ಸಮಸ್ಯೆ ಎದುರಾಗಿ ಸೋತ ಮೇಲೆ, ಪರಿಶ್ರಮಕ್ಕಾಗಿ ಮೆಚ್ಚುಗೆ ಪಡೆದವರಿಗಿಂತ ಬೇಗ ಕೈಚೆಲ್ಲಿದರು. ಅಲ್ಲಿ ಮಕ್ಕಳಿಗೆ ಕೊಟ್ಟುದು ಪ್ರಬಂಧವಲ್ಲ, ಒಗಟಿನಂಥ ಸಮಸ್ಯೆಗಳು. ಆದರೂ ಮನಸ್ಸಿನ ನಡೆ ಬೇರೆಯಾಗಲಾರದು.

ಕಲ್ಯಾಣದ ಅನುಭವ ಮಂಟಪವನ್ನು ಬರೆಯಕಲಿಸಿದ ಶಾಲೆಯೆಂದು ಯಾರೂ ಎಣಿಸುವುದಿಲ್ಲ. ಆದರೆ ಹನ್ನೆರಡನೆಯ ಶತಮಾನದಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯನವರು, ದೋಣಿ ನಡೆಸುವ ಅಂಬಿಗರ ಚೌಡಯ್ಯನವರು, ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯನವರು ವಚನಕಾರರಾದುದು ಹೇಗೆ? 30ಕ್ಕೂ ಹೆಚ್ಚು ಶರಣೆಯರು ವಚನ ನುಡಿದುದು ಹೇಗೆ? ಅವರ ಕಾಯಕದ ಮಾತನ್ನು ಯಾರೂ ಹೊಡೆದುಹಾಕಲಿಲ್ಲ. ಒಬ್ಬೊಬ್ಬರಿಗೂ ಅವರದೇ ಅಂಕಿತವಿತ್ತು. ಶಿವಮೊಗ್ಗ ಜಿಲ್ಲೆಯೇ ಇದಕ್ಕೆ ಸಾಕ್ಷಿ: ಶಿಕಾರಿಪುರದ ಸೀಮೆಯಲ್ಲಿಯೇ ಅಲ್ಲಮಪ್ರಭುಗಳ ಬಳ್ಳಿಗಾವಿ, ಅಕ್ಕಮಹಾದೇವಿಯವರ ಉಡುತಡಿ, ಶಂಭುಜಕ್ಕೇಶ್ವರನ ಅಂಕಿತದಲ್ಲಿ ನುಡಿದ ಸತ್ಯಕ್ಕನವರ ಜಂಬೂರು ಇವೆ. ಮೂವರ ನುಡಿಯೂ ಒಂದರಂತೆ ಇನ್ನೊಂದಿಲ್ಲ.

ಮಂಟಪದ ಮೆಚ್ಚುಗೆ ಅಗ್ಗವಾಗಿಯೂ ಇರಲಿಲ್ಲ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಅಕ್ಕನನ್ನು ಬಾಗಿಲಲ್ಲೇ ಹೊಗಳಿ ಒಳಕರೆಯುವುದಿಲ್ಲ. ಕಟುವಾದ ಪ್ರಶ್ನೆಗಳನ್ನೇ ಕೇಳುತ್ತಾರೆ, ಉತ್ತರವನ್ನು ಪೂರ್ತಿ ಆಲಿಸುತ್ತಾರೆ, ನಿಲುವು ಕಂಡ ಮೇಲೆ ಶರಣರೆಲ್ಲ ತಲೆಬಾಗುತ್ತಾರೆ. ಆ ಗ್ರಂಥ ಹದಿನೈದನೆಯ ಶತಮಾನದಿಂದೀಚೆಗೆ ಸಂಕಲನಗೊಂಡುದು. ಕಂಡವರು ಅಂದೇ ಬರೆದಿಟ್ಟ ವರದಿಯಲ್ಲ. ಮೆಚ್ಚುವ ಮುನ್ನ ಆಲಿಸಬೇಕೆಂದು ಶರಣಪರಂಪರೆಯು ತಿಳಿದಿತ್ತೆಂಬುದಕ್ಕೆ ಅಷ್ಟು ಸಾಕು. ಸೂಳೆ ಸಂಕವ್ವೆಯ ವಚನ ಇಂದು ದೊರೆಯುವುದು ಒಂದೇ ಒಂದು. ಅದನ್ನು ಉಳಿಸಬೇಕೆಂದು ಬಗೆದು ಓಲೆಗೇರಿಸಿದ ಕೈ ಯಾವುದೊ, ಆ ಕೈಯಿಲ್ಲದಿದ್ದರೆ ಆ ಒಂದೂ ಇರುತ್ತಿರಲಿಲ್ಲ.

ಗೃಹಸ್ಥರಿಗೂ ಇಲ್ಲಿ ಕೆಲಸವುಂಟು. ಮಗು ತಂದ ಪುಸ್ತಕದಲ್ಲಿ ತಂದೆಯಾದವನ ಕಣ್ಣು ಮೊದಲು ಅಂಕಕ್ಕೆ, ಆಮೇಲೆ ಕೆಂಪು ಶಾಯಿಗೆ ಹೋಗುತ್ತದೆ. ಬರಹಕ್ಕೆ ಹೋಗುವುದೇ ಇಲ್ಲ. ಸಂಜೆಯ ಲಿಂಗಪೂಜೆಯಾದ ಬಳಿಕ ಅದನ್ನು ಮಗುವಿನಿಂದಲೇ ಓದಿಸಿ, ಹಿರಿಯರೆಲ್ಲ ಕುಳಿತು ಕೇಳಬಹುದು. ಹಿನ್ನೀರಿನ ಸೀಮೆಯ ಮನೆಗಳಲ್ಲಿ ಮುಳುಗಿದ ಗದ್ದೆಯ ಹೆಸರು, ಹಳೆಯ ಮನೆಯ ಜಗುಲಿ ಯಾವ ದಿಕ್ಕಿಗಿತ್ತೆಂಬುದು ಅಜ್ಜಿಯರಿಗೆ ಇನ್ನೂ ನೆನಪಿದೆ. ಮಗುವಿನ ಸಾಲು ಕೇಳಿ ಅಜ್ಜಿ ನಡುವೆ ಬಾಯಿಹಾಕಿ "ಹಾಗಲ್ಲ ಮಗಾ, ಅವತ್ತು ಬುತ್ತಿಯಲ್ಲಿದ್ದದ್ದು ನಿನ್ನ ಅಪ್ಪನ ಊಟ" ಎಂದಳೆನ್ನಿ. ಆಗ ಮಗು ಪೆನ್ಸಿಲು ಹುಡುಕಿ, ಅಂಚಿನಲ್ಲಿ ಉಳಿದ ಜಾಗದಲ್ಲಿ ಅದನ್ನೂ ಬರೆದುಕೊಳ್ಳುತ್ತದೆ.