ಚಿತ್ರದ ಋಣ

ಆಷಾಢದ ಮೋಡ ಕಟ್ಟುವ ಹೊತ್ತಿಗೆ ಮೈಸೂರು–ಊಟಿ ರಸ್ತೆಯಲ್ಲಿ ಬೇಗೂರಿನ ಕಡೆ ಬಂದರೆ ಸಾಕು, ಎಡಬಲಗಳಲ್ಲಿ ಸೂರ್ಯಕಾಂತಿ ಅರಳಿ ನಿಂತಿರುತ್ತದೆ. ಅದರ ಮಗ್ಗುಲಿಗೇ ಚೆಂಡುಹೂವಿನ ಹೊಲಗಳು. ಕೇರಳದ ಕಾರು, ಬೆಂಗಳೂರಿನ ಬೈಕು, ಮದುವೆಗೆ ಮುಂಚಿನ ಫೋಟೋಗೆಂದು ಬಂದ ಜೋಡಿ, ಅವರ ಹಿಂದೆ ಮಡಿಸಿದ ಬಟ್ಟೆಗಳ ಚೀಲ ಹೊತ್ತ ತಮ್ಮ, ಎಲ್ಲರೂ ರಸ್ತೆ ಬದಿಯಲ್ಲಿ ಇಳಿಯುತ್ತಾರೆ. ಬದುವಿನ ಮೇಲೆ ಒಂದು ರಟ್ಟು ನೆಟ್ಟಿರುತ್ತದೆ: ಫೋಟೋಗೆ ಇಷ್ಟು ರೂಪಾಯಿ. ಪಕ್ಕದಲ್ಲಿ ಕೊಡೆ ಹಿಡಿದ ಅಜ್ಜಿಯೋ, ಶಾಲೆಗೆ ರಜೆಯಿರುವ ಹುಡುಗನೋ ಕಾವಲು ಕೂತಿರುತ್ತಾರೆ.

ಆ ರಟ್ಟು ಕಂಡೊಡನೆ ಕೆಲವರು ಮುಖ ಸಿಂಡರಿಸುತ್ತಾರೆ. ಹೂ ನೋಡೋದಕ್ಕೂ ದುಡ್ಡೇ, ಇವರಿಗೂ ವ್ಯಾಪಾರ ಬುದ್ಧಿ ಬಂತು ಎನ್ನುತ್ತಾರೆ. ಹಾಗೆನ್ನುವವರು ಊಟಿಗೆ ಹೋಗಿ ಬೊಟಾನಿಕಲ್ ಗಾರ್ಡನ್ನಿನ ಟಿಕೆಟ್ಟನ್ನು ತುಟಿ ಪಿಟಕ್ಕೆನ್ನದೆ ಕೊಳ್ಳುತ್ತಾರೆ. ಅಲ್ಲಿರುವುದು ತೋಟ, ಇಲ್ಲಿರುವುದು ಬರೀ ಹೊಲ ಎಂಬ ಭಾವನೆ ಇದರ ಬುಡದಲ್ಲಿದೆ. ನೋಡಲೆಂದೇ ಬೆಳೆಸಿದ್ದಕ್ಕೆ ಬೆಲೆಯುಂಟು, ಬದುಕಲೆಂದು ಬೆಳೆಸಿದ್ದು ಪುಕ್ಕಟೆ ಎಂದಂತಾಯಿತು.

ಹೊಲದವರ ಲೆಕ್ಕ ಬೇರೆ. ಮುಂಗಾರಿಗೆ ಮುಂಚಿನ ಮಳೆ ಬಿದ್ದಾಗ ಉತ್ತು, ಸಾಲಿಂದ ಸಾಲಿಗೆ ಎರಡಡಿ, ಗಿಡದಿಂದ ಗಿಡಕ್ಕೆ ಒಂದಡಿ ಬಿಟ್ಟು ಸೂರ್ಯಕಾಂತಿ ಬಿತ್ತಿದರೆ, ತೊಂಬತ್ತರಿಂದ ನೂರು ದಿನಕ್ಕೆ ಕೊಯ್ಲು. ಅದರಲ್ಲಿ ಕಣ್ಣಿಗೆ ಹಬ್ಬವಾಗುವ ದಿನಗಳು ಹತ್ತೋ ಹನ್ನೆರಡೋ. ನಾವು ಹೂವೆಂದು ಕರೆಯುವುದು ಒಂದು ಹೂವಲ್ಲ. ಸುತ್ತಲಿನ ಹಳದಿ ಎಸಳುಗಳು ಜೇನುಹುಳವನ್ನು ಕರೆಯುವುದಕ್ಕೆ ಮಾತ್ರ, ಅವು ಕಾಳು ಕಟ್ಟುವುದಿಲ್ಲ. ನಡುವಿನ ಕಂದು ಬಿಲ್ಲೆಯಲ್ಲಿ ನೂರಾರು ಪುಟ್ಟ ಹೂಗಳು ಅಂಚಿನಿಂದ ಒಳಕ್ಕೆ ಸುತ್ತುಸುತ್ತಾಗಿ ದಿನಕ್ಕಿಷ್ಟು ಅರಳುತ್ತವೆ. ಹುಳ ಮುಟ್ಟಿದ್ದು ಕಾಳಾಗುತ್ತದೆ. ಆ ಬಿಲ್ಲೆಯನ್ನು ಉಗುರಿನಿಂದ ಕೆರೆದು ಎರಡು ಕಣ್ಣು, ಒಂದು ನಗುವ ಬಾಯಿ ಬಿಡಿಸಿ ಅದರ ಪಕ್ಕ ತಮ್ಮ ಮುಖವಿಟ್ಟು ಫೋಟೋ ತೆಗೆಸಿಕೊಳ್ಳುವವರಿದ್ದಾರೆ. ಕೆರೆದ ಪ್ರತಿ ಚುಕ್ಕಿಯೂ ಕಾಳಾಗಬೇಕಿದ್ದದ್ದು. ಆ ನಗುವಿನ ಖರ್ಚು ಹೊಲದವರದ್ದು.

ಎಸಳು ಉದುರಿ, ಕಾಳು ತುಂಬಿ, ತಲೆ ಭಾರವಾಗಿ ಬಾಗಿದಾಗ ಇಡೀ ಹೊಲ ಕಂದು ತಿರುಗುತ್ತದೆ. ರೈತನಿಗೆ ದುಡ್ಡಿನ ಆಸೆ ಚಿಗುರುವುದು ಆಗಲೇ. ಆಗ ಕಾರು ನಿಲ್ಲುವುದಿಲ್ಲ. “ಹೂವಾಗಿದ್ದಾಗ ಎಲ್ಲಾರೂ ಬತ್ತಾರ ಸಾ. ತಲ ಬಗ್ಗುಸ್ದ ಮೇಲ ಗಿಣಿ ಮಾತ್ರ ಬತ್ತವ” ಎಂದು ಬದುವಿನ ಮೇಲೆ ಕೂತಿದ್ದವರೊಬ್ಬರು ನಕ್ಕಿದ್ದರು. ಗಿಳಿ ಬರುವುದೂ ಕಾಳು ತಿನ್ನುವುದಕ್ಕೇ. ಹಾಗಾಗಿ ರಟ್ಟಿನ ಮೇಲಿನ ಬೆಲೆಯಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಅದು ಹೂವಿನ ಬೆಲೆಯಲ್ಲ. ತುಳಿದ ಸಾಲಿಗೆ, ಮುರಿದ ಗಿಡಕ್ಕೆ ಕಟ್ಟಿಕೊಡುವ ದಂಡ ಎಂದುಕೊಂಡರೂ ಅಗ್ಗವೇ.

ಆದರೆ ದುಡ್ಡು ಕೊಟ್ಟರೆ ಹೊಲದ ಲೆಕ್ಕ ಮುಗಿಯಬಹುದು, ಜನರ ಲೆಕ್ಕ ಮುಗಿಯುವುದಿಲ್ಲ. ಹೊಲದಲ್ಲಿ ತೆಗೆದ ಚಿತ್ರದ ಹಿಂಬದಿಯಲ್ಲಿ ಸೆರಗನ್ನು ತಲೆಗೆ ಸುತ್ತಿಕೊಂಡು ಕಳೆ ಕೀಳುವ ಹೆಂಗಸೊಬ್ಬಳು ಬಂದಿರುತ್ತಾಳೆ. ಚಿತ್ರಕ್ಕೆ ಅವಳಿಂದ ಒಂದು ಕಳೆ ಬರುತ್ತದೆ. ಆ ಚಿತ್ರ ಕೊಚ್ಚಿಗೋ ಬೆಂಗಳೂರಿಗೋ ದುಬೈಗೋ ಹೋಗಿ ಸಾವಿರ ಜನರ ಮೆಚ್ಚುಗೆ ಪಡೆಯುತ್ತದೆ. ತನ್ನ ಬೆನ್ನು ಅಲ್ಲಿ ಹೇಗೆ ಕಾಣುತ್ತಿದೆ ಎಂದು ಅವಳಿಗೆ ಎಂದೂ ಗೊತ್ತಾಗುವುದಿಲ್ಲ. ನಿತ್ಯದ ಬದುಕನ್ನು ಕ್ಯಾಮೆರಾದಲ್ಲಿ ಹಿಡಿಯುವ ನಮ್ಮ ಕಾಲದ ಈ ಹವ್ಯಾಸದಲ್ಲಿ ನನ್ನನ್ನು ಕಾಡುವುದು ಇದೊಂದೇ: ತೆಗೆದದ್ದು ತೆಗೆದವರ ಹತ್ತಿರವೇ ಉಳಿಯುತ್ತದೆ.

ಒಂದು ಕಾಲಕ್ಕೆ ಹೀಗಿರಲಿಲ್ಲ. ಚಾಮರಾಜನಗರದಲ್ಲಾಗಲಿ ಗುಂಡ್ಲುಪೇಟೆಯಲ್ಲಾಗಲಿ ಫೋಟೋ ಎಂದರೆ ಪೇಟೆ ಬೀದಿಯ ಸ್ಟುಡಿಯೋ. ಕಬ್ಬಿಣದ ಸ್ಟೂಲು, ಹಿಂದೆ ಬಣ್ಣದ ಪರದೆ, ಕೈಗೆ ಹಣಿಗೆ, ಮುಖಕ್ಕೆ ಪೌಡರು. ಫೋಟೋ ತೆಗೆದವನ ಹತ್ತಿರ ನೆಗೆಟಿವ್ ಉಳಿದರೆ ಚಿತ್ರ ತೆಗೆಸಿಕೊಂಡವರ ಕೈಗೆ ಬರುತ್ತಿತ್ತು. ಲಕೋಟೆಯ ಮೇಲೆ ಹೆಸರು ಬರೆದಿರುತ್ತಿತ್ತು. ಹೆಸರು ಗೊತ್ತಿಲ್ಲದವರ ಫೋಟೋ ತೆಗೆಯುವುದು ಆ ಕಸುಬಿನಲ್ಲಿ ಸಾಧ್ಯವೇ ಇರಲಿಲ್ಲ. ಆ ಚಿತ್ರ ಮನೆಯ ನಡುಗೋಡೆಗೆ ಹೋಗಿ, ಒಂದು ದಿನ ಅದಕ್ಕೆ ಕುಂಕುಮವೂ ಹಾರವೂ ಬೀಳುತ್ತಿದ್ದವು.

ಈ ಸೀಮೆಯ ಎಷ್ಟೋ ಮನೆಗಳಲ್ಲಿ ತಾತನದ್ದೋ ಅಜ್ಜಿಯದ್ದೋ ಇರುವುದು ಒಂದೇ ಫೋಟೋ. ಅದೂ ಪಿಂಚಣಿ ಅರ್ಜಿಗೋ ಬ್ಯಾಂಕಿನ ಪುಸ್ತಕಕ್ಕೋ ತೆಗೆಸಿದ ಚಿಕ್ಕ ಚಿತ್ರ. ತೀರಿಕೊಂಡ ಮೇಲೆ ಅದನ್ನೇ ಸ್ಟುಡಿಯೋಗೆ ಒಯ್ದು ದೊಡ್ಡದು ಮಾಡಿಸಿದ್ದು. ಹಿಗ್ಗಿಸಿದ್ದರಿಂದ ಕಣ್ಣು ಮಸುಕಾಗಿರುತ್ತದೆ, ಹೆಗಲ ಮೇಲೆ ಕಚೇರಿಯ ಮೊಹರಿನ ಅರ್ಧ ಸುತ್ತು ಉಳಿದಿರುತ್ತದೆ. ಅದೇ ತಾತ ಸಂತೆಯಲ್ಲಿ ಬಾಳೆಗೊನೆ ಇಳಿಸುತ್ತಿದ್ದಾಗ, ತೇರಿನ ಹಗ್ಗ ಹಿಡಿದಿದ್ದಾಗ ಯಾರೋ ಪ್ರವಾಸಿ ಸೊಗಸಾಗಿ ಚಿತ್ರ ತೆಗೆದಿರಲೂಬಹುದು. ಅದು ಎಲ್ಲಿದೆಯೋ. ಮನೆಯವರಿಗೆ ಸಿಕ್ಕಿದ್ದು ಮೊಹರು ಬಿದ್ದ ಮುಖ.

ಈ ಅನ್ಯಾಯ ನಮ್ಮ ಊರಿನದ್ದಷ್ಟೇ ಅಲ್ಲ. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ ಒಬ್ಬ ತಾಯಿಯ ಚಿತ್ರ ತೆಗೆದರು. ಗಲ್ಲಕ್ಕೆ ಕೈಯಿಟ್ಟು ದೂರ ನೋಡುವ ತಾಯಿ, ಮುಖ ತಿರುಗಿಸಿ ಭುಜಕ್ಕೊರಗಿದ ಮಕ್ಕಳು. ಅಮೆರಿಕದ ಬಡತನಕ್ಕೆ ಅದೇ ಮುಖವಾಯಿತು. ಲ್ಯಾಂಗ್ ಸರ್ಕಾರದ ಕೆಲಸದ ಮೇಲೆ ಹೋಗಿದ್ದವರು, ಚಿತ್ರದಿಂದ ಅವರೇನೂ ದುಡ್ಡು ಮಾಡಿಕೊಳ್ಳಲಿಲ್ಲ. ಆ ಬಿಡಾರದ ಹಸಿವಿನ ಸುದ್ದಿ ಪತ್ರಿಕೆಯಲ್ಲಿ ಬಂದು ಅಲ್ಲಿಗೆ ಆಹಾರವೂ ಹೋಯಿತು. ಆದರೆ ಅವರು ಆ ತಾಯಿಯ ಹೆಸರು ಕೇಳಿರಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಜಗತ್ತಿಗೆ ತಿಳಿದದ್ದು 1978ರಲ್ಲಿ. ಆ ಚಿತ್ರ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು, ಅದರಿಂದ ತನಗೆ ಬಿಡಿಗಾಸೂ ಬರಲಿಲ್ಲ ಎಂದು ಆಕೆ ನೊಂದು ಹೇಳಿದ್ದರು. ಉದ್ದೇಶ ಒಳ್ಳೆಯದಿತ್ತು, ಫಲವೂ ಒಳ್ಳೆಯದಿತ್ತು; ಆದರೂ ಒಬ್ಬಳ ಪಾಲಿಗೆ ಲೆಕ್ಕ ಬಾಕಿ ಉಳಿಯಿತು. ಒಳ್ಳೆಯ ಉದ್ದೇಶವೊಂದಿದ್ದರೆ ಉಳಿದದ್ದೆಲ್ಲ ಮಾಫಿ ಎಂದುಕೊಳ್ಳುವ ನಮಗೆ ಇದು ನೆನಪಿರಬೇಕಾದ ಪ್ರಸಂಗ.

ಹಾಗೆಂದು ಕ್ಯಾಮೆರಾವನ್ನೇ ಗೂಡಿಗೆ ಸೇರಿಸಿಬಿಡಬೇಕೆ? ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರಂಥವರು ಹಾಗಂದುಕೊಂಡಿದ್ದರೆ ನಮಗೆ ದೊಡ್ಡ ನಷ್ಟವಾಗುತ್ತಿತ್ತು. ಬೀದಿಯ ಮಕ್ಕಳು, ದುಡಿಯುವ ಹೆಂಗಸರು, ಹಜಾಮತಿಗೆ ಕೂತವರು, ಹೀಗೆ ಯಾರೂ ಎರಡನೇ ಸಲ ನೋಡದವರನ್ನು ಅವರು ಮನಸ್ಸಿಟ್ಟು ನೋಡಿದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಆ ಚಿತ್ರಗಳಲ್ಲಿ ಮಕ್ಕಳು ಕರುಣೆಗೆ ಕೈ ಚಾಚಿದವರಂತೆ ಕಾಣುವುದಿಲ್ಲ. ತಮ್ಮ ಪಾಡಿಗೆ ತಾವಿರುವ, ತಮ್ಮ ಆಟದಲ್ಲಿ ಮುಳುಗಿದ ಮಕ್ಕಳಾಗಿಯೇ ಕಾಣುತ್ತಾರೆ. ಚಿತ್ರದಲ್ಲಿರುವವರಿಗೆ ಅವರ ಮರ್ಯಾದೆಯನ್ನು ಉಳಿಸಿಕೊಡುವುದೂ ಋಣ ತೀರಿಸುವ ಒಂದು ಬಗೆಯೇ.

ಬರೀ ಜನರಲ್ಲ, ಊರಿನ ಗುರುತಾಗಿ ನಿಂತ ಗುಡಿಗೋಪುರಗಳ ವಿಷಯದಲ್ಲೂ ಇದೇ ಮಾತು. ಅರಿಕುಠಾರವೆಂಬ ಊರು ಚಾಮರಾಜನಗರವಾದದ್ದು ಮುಮ್ಮಡಿ ಕೃಷ್ಣರಾಜ ಒಡೆಯರು ಅಲ್ಲಿ ಹುಟ್ಟಿದ ತಮ್ಮ ತಂದೆಯ ಹೆಸರಿಟ್ಟದ್ದರಿಂದ. ಅಲ್ಲಿನ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದವರೂ ಅವರೇ. ಬೇರೆಡೆ ಆಷಾಢವೆಂದರೆ ಶುಭಕಾರ್ಯಗಳಿಗೆ ಬಿಡುವು, ಹೊಸ ಸೊಸೆ ತವರಿನಲ್ಲಿರುವ ತಿಂಗಳು. ಇಲ್ಲಿ ಆಷಾಢದಲ್ಲೇ ತೇರು. ತವರಿಂದ ಅವಳು, ಊರಿಂದ ಇವನು ಬಂದು ಜೊತೆಗೂಡಿ ತೇರಿಗೆ ಹಣ್ಣು-ಜವನ ಎಸೆಯುತ್ತಾರೆ. ಬಾಳೆಹಣ್ಣಿಗೆ ಸಿಕ್ಕಿಸಿದ ಜವನದ ಕಡ್ಡಿ ಕಳಸದ ಕಡೆಗೆ ಹಾರಿ, ತಪ್ಪಿ, ಯಾರದ್ದೋ ತಲೆಯ ಮೇಲೆ ಬೀಳುತ್ತದೆ, ಬಿದ್ದವರೂ ನಗುತ್ತಾರೆ.

2017ರಲ್ಲಿ ಆ ತೇರಿಗೆ ಬೆಂಕಿ ಬಿತ್ತು. ಮುಂದೆ ಹೊಸ ತೇರು ಸಿದ್ಧವಾಗಿ ರಥೋತ್ಸವ ಮತ್ತೆ ನಡೆದದ್ದು 2022ರಲ್ಲಿ. ನಡುವಿನ ವರ್ಷಗಳಲ್ಲಿ ಮದುವೆಯಾದವರ ಆಲ್ಬಮ್ಮಿನಲ್ಲಿ ತೇರಿಲ್ಲ. ಹಳೆಯ ತೇರು ಈಗ ಉಳಿದಿರುವುದು ಎಲ್ಲಿ? ಬೆಳಕು, ಕೋನ ಎಲ್ಲ ನೋಡಿ ಹೊರಗಿನವರು ತೆಗೆದ ಚಿತ್ರಗಳಲ್ಲಿ ಇರಬಹುದು. ಅದಕ್ಕಿಂತ ಹೆಚ್ಚಾಗಿ ನವದಂಪತಿಗಳ ಅಡ್ಡಾದಿಡ್ಡಿ ಫೋಟೋಗಳಲ್ಲಿದೆ: ಮುಂದೆ ಅವರಿಬ್ಬರು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಾರೆ, ಹಿಂದೆ ಗಾಲಿಯ ಕಾಲುಭಾಗ, ಒಂದಿಷ್ಟು ಕೆತ್ತನೆ. ಕಲೆಯ ಲೆಕ್ಕಕ್ಕೆ ಬಾರದ ಆ ಚಿತ್ರಗಳು ಊರಲ್ಲೇ ಉಳಿದಿವೆ, ಊರಿನವರ ಬೀರುವಿನಲ್ಲಿವೆ. ಊರಿಗೆ ನೆನಪು ಬೇಕಾದಾಗ ಕೈಗೆ ಸಿಗುವುದು ಅವೇ. ಚಿತ್ರ ಎಷ್ಟು ಚೆನ್ನಾಗಿದೆ ಎನ್ನುವಷ್ಟೇ ಮುಖ್ಯ, ಅದು ಯಾರ ಕೈಯಲ್ಲಿದೆ ಎನ್ನುವುದು.

ಏನನ್ನೂ ಹಿಂದಿರುಗಿಸಲಾಗದ ಒಂದು ಜಾಗವೂ ಈ ಜಿಲ್ಲೆಯಲ್ಲೇ ಇದೆ. ಗುಂಡ್ಲುಪೇಟೆ ದಾಟಿದರೆ ಬಂಡೀಪುರ. 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಅಲ್ಲಿ ವಾಹನ ಸಂಚಾರಕ್ಕೆ ತಡೆಯಿದೆ. ಹಗಲಲ್ಲೂ ಗಾಡಿ ನಿಲ್ಲಿಸಿ ಇಳಿಯುವಂತಿಲ್ಲ. ಆದರೂ ಆನೆ ಕಂಡರೆ ಇಳಿಯುತ್ತಾರೆ. 2025ರ ಆಗಸ್ಟಿನಲ್ಲಿ ಒಬ್ಬರು ಕಾಡಾನೆಯ ಜೊತೆ ಸೆಲ್ಫಿಗೆ ಹೋಗಿ ಅಟ್ಟಿಸಿಕೊಂಡು, ತುಳಿತಕ್ಕೆ ಸಿಕ್ಕಿ, ಹೇಗೋ ಜೀವ ಉಳಿಸಿಕೊಂಡರು. ಆನೆಗೆ ಚಿತ್ರ ತೋರಿಸಿ ಒಪ್ಪಿಗೆ ಕೇಳುವುದಕ್ಕಾಗುವುದಿಲ್ಲ, ಪ್ರಿಂಟು ಕೊಡುವುದಕ್ಕಾಗುವುದಿಲ್ಲ. ಅದಕ್ಕೆ ನಾವು ಕೊಡಬಹುದಾದದ್ದು ದೂರವೊಂದನ್ನೇ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಸ್ವಂತ ವಾಹನ ಬಿಡದೆ ತಪ್ಪಲಿನಿಂದ ಸಾರಿಗೆ ಬಸ್ಸಿನಲ್ಲೇ ಕಳಿಸುವುದಕ್ಕೆ ಗೊಣಗುವವರಿಗೂ ಈ ಮಾತು ಅನ್ವಯಿಸುತ್ತದೆ. ಬೇಕಾದಲ್ಲಿ ನಿಲ್ಲಿಸಿ ಫೋಟೋ ತೆಗೆಯುವ ಅನುಕೂಲ ಹೋಯಿತು, ನಿಜ. ಕಾಡಿಗೆ ಅಷ್ಟು ನೆಮ್ಮದಿ ಉಳಿಯಿತು.

ಕೇಳಿ ತೆಗೆದರೆ ಮುಖದ ಸಹಜತೆ ಹೋಗುತ್ತದೆ, ಎಲ್ಲರೂ ಕೈಕಟ್ಟಿ ನಿಂತುಬಿಡುತ್ತಾರೆ ಎನ್ನುವುದು ಫೋಟೋದವರ ಆಕ್ಷೇಪ. ಅದರಲ್ಲಿ ಹುರುಳಿದೆ. ಹಾಗಿದ್ದರೆ ತೆಗೆದ ಮೇಲಾದರೂ ಕೇಳಬಹುದು. ಹತ್ತಿರ ಹೋಗಿ ಪರದೆ ತೋರಿಸಿದರೆ, ಅರಿಶಿನ ಬೇಯಿಸುವ ಹಂಡೆಯ ಹಬೆಯಲ್ಲಿ ನಿಂತ ಅಕ್ಕ ಒಂದೋ “ಅಯ್ಯೋ, ಇದೇನ್ ಹಿಂಗ್ ಕಾಣ್ತಿನಿ, ಅಳ್ಸಾಕು” ಎನ್ನುತ್ತಾಳೆ, ಇಲ್ಲವೇ “ನಮ್ಮ ಮಗಳ ನಂಬರ್ ಬರ್ಕೊ, ಕಳ್ಸು” ಎನ್ನುತ್ತಾಳೆ. ಅಳಿಸೆಂದರೆ ಅಳಿಸಬೇಕು, ಎಷ್ಟೇ ಒಳ್ಳೆಯ ಚಿತ್ರವಾಗಿದ್ದರೂ. ಕಳಿಸೆಂದರೆ ಅಲ್ಲೇ ನಿಂತು ಕಳಿಸಬೇಕು. ಮನೆಗೆ ಹೋಗಿ ಕಳಿಸುತ್ತೇನೆ ಎಂದವರು ಕಳಿಸಿದ್ದು ಕಡಿಮೆ.

ಸ್ಟುಡಿಯೋದವನಿಗೆ ಫೋಟೋ ತೊಳೆಯಲು ಕತ್ತಲೆ ಕೋಣೆ ಬೇಕಿತ್ತು, ಕಾಗದಕ್ಕೆ ಕಾಸು ಬೇಕಿತ್ತು, ವಾರ ಕಾಯಬೇಕಿತ್ತು. ಆದರೂ ಅವನು ಚಿತ್ರವನ್ನು ತಲುಪಿಸಿದ. ಇವತ್ತು ಕ್ಯಾಮೆರಾ ಹಿಡಿದ ಕೈಯಲ್ಲೇ ವಾಟ್ಸಾಪ್ ಇದೆ, ಖರ್ಚು ಬಿಡಿಗಾಸಿಲ್ಲ. ಕೊಡುವುದು ಇಷ್ಟು ಸುಲಭವಾದ ಕಾಲದಲ್ಲಿ ಕೊಡದೆ ಬರುವವರಿಗೆ ಯಾವ ನೆಪವೂ ಉಳಿದಿಲ್ಲ. ಸೂರ್ಯಕಾಂತಿ ಹೊಲದ ಹುಡುಗ ಕೇಳುವ ರೂಪಾಯಿಗಳನ್ನು ಗೊಣಗದೆ ಕೊಡೋಣ. ಹಿಂಬದಿಯಲ್ಲಿ ಕಳೆ ಕೀಳುತ್ತಿದ್ದವಳ ಹೆಸರನ್ನೂ ಕೇಳಿ, ಅವಳ ಚಿತ್ರವನ್ನು ಅವಳಿಗೆ ಕೊಟ್ಟು ಬರೋಣ. ಅಷ್ಟಾದ ಮೇಲೆ ನಮ್ಮ ಹತ್ತಿರ ಉಳಿದ ಪ್ರತಿಯನ್ನು ನಮ್ಮದು ಎಂದುಕೊಳ್ಳುವ ಹಕ್ಕು ನಮಗಿರುತ್ತದೆ.