ಅದತ್ತವೆಂದರೆ ಯಾವುದು? – ಫಿನ್ಲೆಂಡಿನ ಕಾಡಿನ ಒಂದು ಪದ್ಧತಿ

ಉತ್ತರ ಯುರೋಪಿನ ಫಿನ್ಲೆಂಡ್ 1809ರವರೆಗೆ ಸ್ವೀಡನ್ನಿನ, ಅನಂತರ ರಷ್ಯಾದ ಆಳ್ವಿಕೆಯಲ್ಲಿದ್ದು 1917ರ ಡಿಸೆಂಬರ್ 6ರಂದು ಸ್ವತಂತ್ರವಾದ ನಾಡು. ಹೇಳಿಕೊಳ್ಳಲು ಅಲ್ಲಿನ ಜನರಿಗೆ ಸಾಮ್ರಾಜ್ಯದ ವೈಭವವಿಲ್ಲ. ತಮ್ಮ ಭಾಷೆ, ಕಾಡು, ಸರೋವರ, ಸೌನಾ ಎಂಬ ಬಿಸಿಹಬೆಯ ಸ್ನಾನದ ಮನೆ, ಅಗತ್ಯವಿದ್ದಷ್ಟೇ ಮಾತು, ಇವನ್ನೇ ಅವರು ತಮ್ಮ ಗುರುತೆಂದು ಭಾವಿಸುತ್ತಾರೆ. ಸುಮಾರು 55 ಲಕ್ಷ ಜನರಿಗೆ ಅಲ್ಲಿ ಸುಮಾರು 30 ಲಕ್ಷ ಸೌನಾಗಳಿವೆಯಂತೆ. ಜೊತೆಗೆ ಕುಳಿತವನು ಮಾತಾಡದಿದ್ದರೆ ಅದನ್ನು ಯಾರೂ ಅನಾದರವೆಂದು ಬಗೆಯರು. ವಚನಗುಪ್ತಿಯ ವಿಚಾರ ಕೇಳಿಬಲ್ಲ ಶ್ರಾವಕನಿಗೆ ಇದು ಮೆಚ್ಚಿಕೆಯಾದೀತು. ಆದರೂ ಸ್ವಭಾವದ ಮೌನ ಬೇರೆ, ಸಂಯಮದ ಮೌನ ಬೇರೆ.

ಹೆಚ್ಚು ವಿಚಾರಾರ್ಹವಾದುದು ಅವರ ಇನ್ನೊಂದು ಪದ್ಧತಿ. ದೇಶದ ಭೂಭಾಗದಲ್ಲಿ ಸುಮಾರು ಮುಕ್ಕಾಲು ಪಾಲು ಕಾಡು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಖಾಸಗಿ ಕುಟುಂಬಗಳ ಸ್ವತ್ತು. ಹೀಗಿದ್ದೂ ಯಾರ ಕಾಡಿನಲ್ಲಿ ಯಾರು ಬೇಕಾದರೂ ನಡೆದಾಡಬಹುದು, ತಾನಾಗಿ ಬೆಳೆದ ಹಣ್ಣು, ಹೂವು, ಅಣಬೆಗಳನ್ನು ಕೀಳಬಹುದು. (ಅಣಬೆ ಜೈನರ ಅಡುಗೆಮನೆಯ ಹೊಸ್ತಿಲು ದಾಟದ ವಸ್ತು, ಆ ಮಾತು ಬೇರೆ.) ಇದನ್ನು ಅವರು 'ಪ್ರತಿಯೊಬ್ಬನ ಹಕ್ಕು' ಎನ್ನುತ್ತಾರೆ. ನೆಲಕ್ಕೆ ಬಿದ್ದ ಒಣ ಕಡ್ಡಿಯನ್ನಾಗಲಿ ಕಾಡುಹಣ್ಣನ್ನಾಗಲಿ ಪರರ ಭೂಮಿಯಿಂದ ಎತ್ತಿಕೊಳ್ಳುವುದು ಅಪರಾಧವಲ್ಲವೆಂದು ಅಲ್ಲಿನ ದಂಡಸಂಹಿತೆಯೇ ಹೇಳುತ್ತದೆ. ಆದರೆ ನಿಂತ ಮರದ ಕೊಂಬೆ ಮುರಿಯುವಂತಿಲ್ಲ, ಒಡೆಯನ ಒಪ್ಪಿಗೆಯಿಲ್ಲದೆ ಪಾಚಿ ಕೀಳುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ, ಮನೆಯಂಗಳ ಪ್ರವೇಶಿಸುವಂತಿಲ್ಲ.

ಅಚೌರ್ಯಾಣುವ್ರತಿಗೆ ಇಲ್ಲಿ ಪ್ರಶ್ನೆ ಏಳುತ್ತದೆ. ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಸ್ತೇಯವೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಲಕ್ಷಣ ಹೇಳಿದ್ದಾರೆ. ಕಾಡಿನ ಒಡೆಯನು ಹಣ್ಣನ್ನು ಕೈಯಾರೆ ಕೊಟ್ಟಿಲ್ಲ. ಹಾಗಾದರೆ ಅಷ್ಟು ಜನರೂ ಅದತ್ತಾದಾನದ ದೋಷಿಗಳೇ?

ಇದಕ್ಕೆ ಸಮೀಪದ ಶಂಕೆಯೊಂದನ್ನು ಕನ್ನಡ ನಾಡಿನ ಆಚಾರ್ಯ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಎತ್ತಿಕೊಂಡು ಪರಿಹರಿಸಿದ್ದಾರೆ. ಊರೂರು ಸಂಚರಿಸುವ ಮುನಿಯು ಯಾರೂ ಕೊಡದ ಬೀದಿಯಲ್ಲಿ ನಡೆಯುತ್ತಾನೆ, ಊರಬಾಗಿಲನ್ನು ದಾಟುತ್ತಾನೆ, ಅದು ಕಳವಾಗದೇ? ಆಗದು, ಏಕೆಂದರೆ ಅವು ಸರ್ವಸಾಮಾನ್ಯವಾಗಿ ತೆರೆದಿರಿಸಲ್ಪಟ್ಟವು. ಮುಚ್ಚಿದ ಬಾಗಿಲನ್ನು ಮುನಿಯು ಪ್ರವೇಶಿಸುವುದಿಲ್ಲ. ಗೃಹಸ್ಥನ ವಿಷಯದಲ್ಲಿ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನೂ ಸೂಕ್ಷ್ಮಕ್ಕೆ ಇಳಿಯುತ್ತಾರೆ: ಪರರ ಬಾವಿಯ ನೀರು ಮೊದಲಾದವನ್ನು ಬಿಡಲಾರದವನೂ ಉಳಿದ ಅದತ್ತವನ್ನೆಲ್ಲ ಬಿಡಲೇಬೇಕೆನ್ನುತ್ತಾರೆ. ಅಂದರೆ ಬಾವಿಯ ನೀರೂ ಪೂರ್ಣ ನಿರ್ದೋಷವಲ್ಲ, ಅಶಕ್ತನಿಗೆ ಕೊಟ್ಟ ರಿಯಾಯಿತಿ ಮಾತ್ರ.

ಈ ಎರಡರಲ್ಲಿ ಕಾಡಿನ ಹಣ್ಣು ಬೀದಿಯಂತೆಯೋ, ಬಾವಿಯ ನೀರಿನಂತೆಯೋ? ಬೀದಿಯಲ್ಲಿ ನಡೆದರೆ ಬೀದಿ ಸವೆಯದು, ಕಿತ್ತ ಹಣ್ಣು ಮಾತ್ರ ಮತ್ತೊಬ್ಬನಿಗೆ ಸಿಗದು ಎಂದು ಆಕ್ಷೇಪಿಸಬಹುದು. ಆದರೆ ಬೀದಿಯ ನಿದರ್ಶನದ ತಿರುಳು ಸವೆತದಲ್ಲಿಲ್ಲ, ತೆರೆದಿರಿಸುವುದರಲ್ಲಿದೆ. ತಲೆಮಾರುಗಳಿಂದ ಒಡೆಯರು ಒಪ್ಪಿ ನಡೆಸಿಕೊಂಡು ಬಂದ, ರಾಜ್ಯವೂ ಮನ್ನಿಸಿದ ವಾಡಿಕೆಯು ಒಂದು ಬಗೆಯ ದಾನವೇ. ಒಡೆಯನೂ ನೆರೆಯವನ ಕಾಡಿಗೆ ಬುಟ್ಟಿ ಹಿಡಿದು ಹೋಗಬಲ್ಲನು. ತನ್ನದೆಂಬ ಭಾವಕ್ಕೆ ಮೇರೆ ಹಾಕಿಕೊಳ್ಳುವ ಈ ಬಗೆ ಪರಿಗ್ರಹಪರಿಮಾಣದ ಸಮೀಪಕ್ಕೆ ಬರುತ್ತದೆ. ಹಾಗೆಂದು ಅವರನ್ನು ಅಹಿಂಸಕರೆಂದು ಕೊಂಡಾಡುವಂತಿಲ್ಲ. ಅದೇ ಹಕ್ಕಿನಲ್ಲಿ ಗಾಳ ಹಾಕಿ ಮೀನು ಹಿಡಿಯುವುದೂ ಸೇರಿದೆ, ತುಪ್ಪಳಕ್ಕಾಗಿ ನರಿಗಳನ್ನು ಪಂಜರದಲ್ಲಿ ಸಾಕುವ ಉದ್ಯಮವೂ ಅಲ್ಲಿ ಬೆಳೆದಿದೆ.

ವ್ಯಾಪಾರದ ಮಾತು ಬಂದಾಗ ವಿಷಯ ಜಟಿಲವಾಗುತ್ತದೆ. ಹಣ್ಣು ಕೀಳಲು ಥಾಯ್ಲೆಂಡಿನಿಂದ ಪ್ರತಿ ಬೇಸಿಗೆಯಲ್ಲಿ ಸಾವಿರಾರು ಜನರನ್ನು ಕರೆಸುವ ರೂಢಿ ಈ ಶತಮಾನದಲ್ಲಿ ಬೆಳೆಯಿತು. ಅವರಲ್ಲಿ ಅನೇಕರು ಸಾಲಮಾಡಿ ಬಂದು, ಪ್ರಯಾಣ ಮತ್ತು ವಸತಿಯ ವೆಚ್ಚವನ್ನು ತಾವೇ ಹೊತ್ತು, ಕಿತ್ತ ಹಣ್ಣನ್ನು ಕಿಲೋ ಲೆಕ್ಕದಲ್ಲಿ ಒಪ್ಪಿಸುತ್ತಿದ್ದರು. ಶೋಷಣೆಯ ದೂರುಗಳು ನ್ಯಾಯಾಲಯದವರೆಗೆ ಹೋಗಿವೆ. ಇಲ್ಲಿ ಹಣ್ಣು ಅದತ್ತವಲ್ಲ. ಕೊಡದೆ ಪಡೆದದ್ದು ಬೆವರು. ಅಚೌರ್ಯದ ಐದು ಅತಿಚಾರಗಳಲ್ಲಿ ತೂಕ-ಅಳತೆಯ ಮೋಸ ಒಂದು. ಆದರೆ ತಕ್ಕಡಿ ಸರಿಯಾಗಿದ್ದೂ ಲೆಕ್ಕಪುಸ್ತಕದಲ್ಲೇ ಕೂಲಿಯನ್ನು ಮುರಿದುಕೊಳ್ಳುವವನು ಆ ಅತಿಚಾರಕ್ಕೆ ಹೊರಗೆಂದು ಹೇಳಲು ಯಾವ ಶ್ರಾವಕನಿಗೆ ಬಾಯಿ ಬಂದೀತು? ಕದ್ದು ತಂದುದನ್ನು ಕೊಳ್ಳುವುದು ಇನ್ನೊಂದು ಅತಿಚಾರ. ದೂರದ ಊರಿನ ಅಂಗಡಿಯಲ್ಲಿ ಆ ಹಣ್ಣಿನ ಮುರಬ್ಬದ ಸೀಸೆ ಕೊಳ್ಳುವವನಿಗೆ ಅದರ ಹಿಂದಿನ ಕೂಲಿಯ ಲೆಕ್ಕ ತಿಳಿಯದು. ತಿಳಿದ ಮೇಲೂ ಕೊಂಡವನ ವಿಚಾರ ಬೇರೆ.