ಇಂದಿನ ಧಮ್ಮ ಚಿಂತನೆ: ದೂರ ಮತ್ತು ನೆಲ





ಹಿಂದೆ ರೇಡಿಯೋ ಪಕ್ಕ ಮೊಬೈಲ್ ಇಟ್ಟರೆ, ಕರೆ ಬರುವ ಮೊದಲೇ ರೇಡಿಯೋ ಟಿರ್ರ್ ಟಿರ್ರ್ ಎನ್ನುತ್ತಿತ್ತು, ನೆನಪಿದೆಯೇ? ಆ ಫೋನು ಸೆಕೆಂಡಿಗೆ ಸುಮಾರು 217 ಸಲ ಬಿಟ್ಟುಬಿಟ್ಟು ತರಂಗ ಹೊರಡಿಸುತ್ತಿತ್ತು. ತಂತಿ ತಾಗದಿದ್ದರೂ ಅದು ರೇಡಿಯೋ ಒಳಗೆ ಹೊಕ್ಕು ಸದ್ದಾಗುತ್ತಿತ್ತು.

ಸರ್ಕ್ಯೂಟ್ ಬೋರ್ಡಿನ ಮೇಲೆ ಬಿಡಿಭಾಗಗಳನ್ನು ಒತ್ತೊತ್ತಾಗಿ ಕೂರಿಸಿದಾಗಲೂ ಇದೇ ಕಥೆ. ಒಂದು ತಾಮ್ರದ ಗೆರೆಯಲ್ಲಿ ಕರೆಂಟು ವೇಗವಾಗಿ ಏರಿಳಿದರೆ ಪಕ್ಕದ ಗೆರೆಯಲ್ಲೂ ಬೇಡದ ವೋಲ್ಟೇಜ್ ಹುಟ್ಟುತ್ತದೆ. ಇದೇ ಪಟಿಚ್ಚಸಮುಪ್ಪಾದ. ಗದ್ದಲ ಅನುಭವಿಸುವ ಭಾಗ ಹಿಂದಿನ ಜನ್ಮದ ಕರ್ಮ ತೀರಿಸುತ್ತಿಲ್ಲ. ಕಾರಣ ಪಕ್ಕದಲ್ಲೇ ಇದೆ, ಹುಡುಕಿದರೆ ಸಿಗುತ್ತದೆ.

ಕಳೆದ ಭಾನುವಾರ ಇದನ್ನು ವಿವರಿಸುವಾಗ ಒಬ್ಬ ತಮ್ಮ ಕೇಳಿದ: "ಅಣ್ಣಾ, ಹಾಗಾದ್ರೆ ದೂರ ಇಡೋದೇ ಸರಿ ಅಂತ ವಿಜ್ಞಾನನೂ ಹೇಳುತ್ತಲ್ಲ?"

ಎಲ್ಲರೂ ಸುಮ್ಮನಾದರು. ಬಾವಿ, ಗುಡಿ, ಹೋಟೆಲಿನ ಲೋಟ, ಎಲ್ಲದರಿಂದ ದೂರ ಇಡಿಸಿಕೊಂಡವರ ಮಕ್ಕಳಲ್ಲವೇ ನಾವು!

ಬೋರ್ಡಿನಲ್ಲಿ ದೂರ ಇಡುವುದು ನಿಜ. ಗೆರೆಯ ಅಗಲದ ಮೂರರಷ್ಟು ಅಂತರ ಬಿಡುವ ರೂಢಿಯಿದೆ. ಆದರೆ ಅಲ್ಲಿ ನೋಡುವುದು ಆ ಭಾಗ ಏನು ಮಾಡುತ್ತಿದೆ ಎಂಬುದನ್ನು ಮಾತ್ರ. ಯಾವ ಕಾರ್ಖಾನೆಯಲ್ಲಿ ಹುಟ್ಟಿತು ಎಂದು ಯಾರೂ ಕೇಳುವುದಿಲ್ಲ.

ಅದಕ್ಕಿಂತ ದೊಡ್ಡ ವಿಷಯ ಕೆಳಗಿದೆ. ಎಲ್ಲ ಗೆರೆಗಳ ಅಡಿಯಲ್ಲೂ ತಾಮ್ರದ ಒಂದೇ ಹಾಸು ಇರುತ್ತದೆ, ಅದಕ್ಕೆ ಗ್ರೌಂಡ್ ಎನ್ನುತ್ತಾರೆ. ಹೋದ ಕರೆಂಟು ಮರಳಲೇಬೇಕು. ವೇಗದ ಕರೆಂಟು ತನ್ನ ಗೆರೆಯ ನೇರ ಕೆಳಗಿನ ನೆಲದಲ್ಲೇ ಮರಳುತ್ತದೆ. ಹೊಸಬರು ಗದ್ದಲಕ್ಕೆ ಹೆದರಿ ಆ ನೆಲವನ್ನೇ ಎರಡಾಗಿ ಸೀಳುತ್ತಾರೆ. ಸೀಳು ದಾಟುವ ಗೆರೆಯ ಕರೆಂಟಿಗೆ ಮರಳುವ ದಾರಿ ಇಲ್ಲದೆ ಅದು ಸುತ್ತಿ ಬರುತ್ತದೆ. ಆ ಸುತ್ತೇ ಆಂಟೆನಾ ಆಗಿ ಗದ್ದಲ ಇನ್ನೂ ಹೆಚ್ಚುತ್ತದೆ.

ಶಾಕ್ಯ ರಾಜಕುಮಾರರು ದೀಕ್ಷೆಗೆ ಬಂದಾಗ ಕ್ಷೌರಿಕ ಉಪಾಲಿಗೇ ಮೊದಲು ದೀಕ್ಷೆ ಕೊಡಿ ಎಂದು ಭಗವಾನರನ್ನು ಕೇಳಿಕೊಂಡರು. ಆತನಿಗೆ ತಾವು ನಮಸ್ಕರಿಸಿದರೆ ಕುಲದ ಅಹಂಕಾರ ಇಳಿಯುತ್ತದೆಂದು. ಸಂಘದಲ್ಲಿ ಕೂರುವ ಕ್ರಮ ದೀಕ್ಷೆಯ ಹಿರಿತನದಿಂದ, ಹುಟ್ಟಿನಿಂದಲ್ಲ. ಮುಂದೆ ಮೊದಲ ಸಂಗೀತಿಯಲ್ಲಿ ವಿನಯವನ್ನು ಹೇಳಿದವರು ಇದೇ ಉಪಾಲಿ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಉಪಾಲಿಯನ್ನು ಮರೆತಿಲ್ಲ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಆ ತಮ್ಮ ಮತ್ತೆ ಕೇಳಿದ: "ನಮ್ಮಲ್ಲೇ ಎಡ-ಬಲ ಅಂತ ಹೆಣ್ಣು ಕೊಡಲ್ಲ, ತರಲ್ಲ. ಅದ್ಯಾವ ಸೀಳು ಅಣ್ಣಾ?"

ನಾನು ಉತ್ತರ ಕೊಡಲಿಲ್ಲ. ನನ್ನ ಮನೆಯಲ್ಲೂ ಅದೇ ಮಾತು ನಡೆದಿದೆ. ಈ ಭಾನುವಾರ ಹಿರಿಯರೂ ಬನ್ನಿ, ಅವನ ಪ್ರಶ್ನೆಯಿಂದಲೇ ಶುರು ಮಾಡೋಣ.

ಜೈ ಭೀಮ್ 🙏 ನಮೋ ಬುದ್ಧಾಯ